ತುಟಿ ಕಪ್ಪಾದರೆ ನಾಲಿಗೆಯನ್ನು ನೋಡಿ
(ಶತಮಾನೋತ್ಸವ ವರ್ಷದ ಆರೋಗ್ಯ ದಿನದಂದು ರಕ್ಷಕರ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಶತಮಾನೋತ್ಸವದ ಸಭೆಗಳಲ್ಲಿ ಶಾಲೆಯ ಹಿರಿಮೆಯನ್ನು ಕುರಿತು ಮಾತನಾಡುವವರಿಗೆ ಕೊರತೆಯಿಲ್ಲ. ಸ್ಥಾಪಕರ ತ್ಯಾಗ, ಮುಳಿಹುಲ್ಲಿನ ಮಾಡಿನ ಕೆಳಗೆ ನಡೆದ ಮೊದಲ ತರಗತಿ, ಗಡಿನಾಡಿನಲ್ಲಿ ಕನ್ನಡದ ಅಳಿವು-ಉಳಿವು, ಇವೆಲ್ಲವೂ ಇತರ ಗೋಷ್ಠಿಗಳಲ್ಲಿ ಬಂದಿವೆ, ಇನ್ನೂ ಬರಲಿವೆ. ಇಂದಿನ ದಿನ ಮಕ್ಕಳ ಆರೋಗ್ಯಕ್ಕೆ ಮೀಸಲು. ವೇದಿಕೆಯಲ್ಲಿ ವೈದ್ಯರು ಇರುವಾಗ ಭಾಷೆ ಕಲಿಸುವವಳೊಬ್ಬಳು ಕಾಯಿಲೆಯ ಲಕ್ಷಣವೊಂದರ ಮೇಲೆ ಮಾತನಾಡುವುದೇಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಹುಟ್ಟಬಹುದು. ನಾನು ಹೇಳಹೊರಟಿರುವ ಲಕ್ಷಣ ಕಣ್ಣಿಗೆ ಕಾಣುವಂಥದ್ದು, ಆದರೆ ಕಂಡದ್ದನ್ನು ಹೇಳುವ ಪದದಲ್ಲಿ ಕಳೆದುಹೋಗುವಂಥದ್ದು. ಪದದ ವಿಚಾರ ಬಂದ ಕಡೆ ಕನ್ನಡದ ಅಧ್ಯಾಪಕಿಗೂ ಸ್ವಲ್ಪ ಅಧಿಕಾರ ಉಂಟೆಂದು ಭಾವಿಸಿದ್ದೇನೆ.

ದೇಹಕ್ಕೆ ಪ್ರಾಣವಾಯು ಸಾಲದಾದಾಗ ತುಟಿ, ನಾಲಿಗೆ, ಉಗುರು ನೀಲಿ ತಿರುಗುತ್ತವೆ. ವೈದ್ಯಶಾಸ್ತ್ರ ಇದನ್ನು ಸಯನೋಸಿಸ್ ಎಂದು ಕರೆಯುತ್ತದೆ. ಕಡುನೀಲಿ ಎಂಬರ್ಥದ ಗ್ರೀಕ್ ಪದವೊಂದು ಇದರ ಮೂಲ. ಆ ಪದವೂ ಶುದ್ಧ ನೀಲಿಯದಲ್ಲ. ಹೋಮರನ ಕಾವ್ಯದಲ್ಲಿ ಸ್ಯೂಸ್ ದೇವನ ಹುಬ್ಬಿಗೆ ಅದೇ ವಿಶೇಷಣ ಬಂದಿದೆ. ಹುಬ್ಬು ನೀಲಿಯಾಗಿರಲಾರದಷ್ಟೆ! ನಮ್ಮಲ್ಲಿಯೂ ಹಾಗೆಯೇ. ಸಂಸ್ಕೃತದ ನೀಲಕಂಠ ಕನ್ನಡಕ್ಕೆ ಬಂದಾಗ ಕರಿಗೊರಳನಾದ. ನೀಲಮೇಘಶ್ಯಾಮನನ್ನು ನಮ್ಮ ಅಜ್ಜಿಯಂದಿರು ಕರಿಯನೆಂದೇ ಮುದ್ದಿಸಿದರು. ದಟ್ಟವಾದ ನೀಲಿಯನ್ನು ಕಪ್ಪಿನ ಮನೆಯೊಳಗೆ ಸೇರಿಸಿಕೊಳ್ಳುವುದು ನಮ್ಮ ನುಡಿಗಳ ಹಳೆಯ ಸ್ವಭಾವ. ಮುಖ ಕಪ್ಪಿಟ್ಟಿತು, ತುಟಿ ಕಂದಿತು ಎನ್ನುತ್ತೇವೆ. ತುಳುವಿನ ಮನೆಯಲ್ಲಿ 'ಕಪ್ಪಾಂಡ್' ಎನ್ನುತ್ತಾರೆ. ಕಾವ್ಯಕ್ಕೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಆರೋಗ್ಯ ತಪಾಸಣೆಯ ದಿನ ಮಾತ್ರ ಇದು ತೊಡಕಾಗಬಲ್ಲದು. ಅದು ಹೇಗೆಂಬುದನ್ನು ಹೇಳುವ ಮೊದಲು ರಕ್ತದ ಬಣ್ಣದ ಕುರಿತು ಎರಡು ಮಾತು ಅಗತ್ಯ.

ಯಾವ ಮನುಷ್ಯನ ಮೈಯಲ್ಲಿಯೂ ನೀಲಿ ರಕ್ತ ಹರಿಯುವುದಿಲ್ಲ. ಕೆಂಪು ರಕ್ತಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ಕಬ್ಬಿಣಯುಕ್ತ ವಸ್ತುವಿದೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೊತ್ತುಕೊಂಡಾಗ ಅದು ದಾಸವಾಳದಂತೆ ಕೆಂಪು. ಅಂಗಾಂಗಗಳಿಗೆ ಅದನ್ನು ಒಪ್ಪಿಸಿ ಬರಿಗೈಯಲ್ಲಿ ಮರಳುವಾಗ ಕಡುಗೆಂಪು. ಈ ಬರಿಗೈ ಹಿಮೋಗ್ಲೋಬಿನ್ ಪ್ರಮಾಣ ಮೀರಿದಾಗ ತೆಳುಚರ್ಮದ ಮೂಲಕ ನೀಲಿಯಾಗಿ ತೋರುತ್ತದೆ. ಪ್ರಮಾಣವೆಂದರೆ, ಸೂಕ್ಷ್ಮ ರಕ್ತನಾಳಗಳ ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 5 ಗ್ರಾಂ.

ಈ 5 ಗ್ರಾಂ ಎಂಬುದನ್ನು ದಯಮಾಡಿ ನೆನಪಿಡಿ. ತಾಯಂದಿರು ತಿಳಿದಿರಲೇಬೇಕಾದ ಒಂದು ಸಂಗತಿ ಅದರಲ್ಲಿ ಅಡಗಿದೆ. ನೀಲಿ ತೋರಬೇಕಾದರೆ ಮೊದಲು ಸಾಕಷ್ಟು ಹಿಮೋಗ್ಲೋಬಿನ್ ಇರಬೇಕು. 15 ಗ್ರಾಂ ಇರುವವರಲ್ಲಿ ರಕ್ತದ ಆಮ್ಲಜನಕದ ಮಟ್ಟ ಶೇಕಡಾ 80ರ ಆಸುಪಾಸಿಗೆ ಇಳಿದಾಗ ತುಟಿ ನೀಲಿಯಾಗುತ್ತದೆ. 9 ಗ್ರಾಂ ಮಾತ್ರ ಇರುವ ಮಗುವಿನಲ್ಲಿ ಅದು ಶೇಕಡಾ 65ರ ಆಸುಪಾಸಿಗೆ ಕುಸಿಯುವವರೆಗೂ ನೀಲಿ ತೋರದೆ ಹೋಗಬಹುದು. ಆರೋಗ್ಯವಂತರಲ್ಲಿ ಇದು 95ರ ಮೇಲಿರುತ್ತದೆ ಎಂದರೆ ಕುಸಿತದ ಆಳ ನಿಮಗೆ ಅರ್ಥವಾದೀತು. ರಕ್ತಹೀನತೆಯ ಮಗು ಉಸಿರಿಗಾಗಿ ಪರದಾಡುತ್ತಿದ್ದರೂ ಬಿಳಿಚಿಕೊಂಡೇ ಇರುತ್ತದೆ, ನೀಲಿಯಾಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಕೇರಳದಲ್ಲಿ ಇದು ಶೇಕಡಾ 39. ನಮ್ಮ ರಾಜ್ಯ ಎಷ್ಟೋ ಮೇಲು ಎಂದು ಹೆಮ್ಮೆಪಡುವವರು ಪಡಲಿ. ಹತ್ತರಲ್ಲಿ ನಾಲ್ಕು ಮಕ್ಕಳು ಎಂಬ ಲೆಕ್ಕ ಅಧ್ಯಾಪಕರಿಗೆ ಸಮಾಧಾನ ಕೊಡುವಂಥದ್ದಲ್ಲ. ಉಬ್ಬಸದಿಂದ ಏದುಸಿರು ಬಿಡುವ ಮಗುವಿನ ಪಕ್ಕೆಲುಬುಗಳ ನಡುವೆ ಚರ್ಮ ಒಳಸೆಳೆಯುತ್ತಿದ್ದರೆ, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ, ಅಷ್ಟೇ ಸಾಕು. ತುಟಿ ಇನ್ನೂ ಕೆಂಪಾಗಿದೆಯಲ್ಲ ಎಂದು ಕಾಯುತ್ತ ಕೂರುವಂತಿಲ್ಲ. ನೀಲಿ ಎಂಬುದು ತಡವಾಗಿ ಬರುವ ಅತಿಥಿ.

ಇನ್ನು ಎಲ್ಲಿ ನೋಡಬೇಕು? ಮಳೆಗಾಲದ ಬೆಳಗಿನಲ್ಲಿ ಒದ್ದೆಯಾಗಿ ಬಂದ ಮಕ್ಕಳ ಬೆರಳ ತುದಿ ನೀಲಿಯಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತ ನಿಧಾನವಾಗಿ ಹರಿಯುವುದರಿಂದ ಹಾಗಾಗುತ್ತದೆ. ಕೈಯುಜ್ಜಿ ಬೆಚ್ಚಗಾಗಿಸಿದರೆ ಸರಿಹೋಗುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಶಿಶುವಿನ ಅಂಗೈ, ಅಂಗಾಲು ನೀಲಿಯಾಗಿರುವುದೂ ಬಹುಮಟ್ಟಿಗೆ ಸಹಜವೇ. ನಾಲಿಗೆಯ ವಿಚಾರ ಬೇರೆ. ನಾಲಿಗೆಗೆ ಚಳಿಯಾಗುವುದಿಲ್ಲ. ಸದಾ ಬೆಚ್ಚಗಿರುವ ಬಾಯೊಳಗಿನ ನಾಲಿಗೆ ನೀಲಿಯಾಗಿದೆಯೆಂದರೆ ಹೃದಯದಿಂದ ಹೊರಟ ರಕ್ತದಲ್ಲಿಯೇ ಆಮ್ಲಜನಕದ ಕೊರತೆಯಿದೆ ಎಂದು ಅರ್ಥ. ನೇರಳೆ ಹಣ್ಣಿನ ಕಾಲದಲ್ಲಿ ಇಡೀ ಶಾಲೆಯ ನಾಲಿಗೆ ನೀಲಿಯಾಗಿರುತ್ತದೆ, ಅದನ್ನು ಬಿಟ್ಟುಬಿಡಿ. ನೀರು ಮುಕ್ಕಳಿಸಿದರೆ ಮಾಸುವ ನೀಲಿ ಅದು.

ಪಾಠಪುಸ್ತಕಗಳಲ್ಲಿ ಅಚ್ಚಾಗುವ ನೀಲಿಮುಖದ ಚಿತ್ರಗಳು ಹೆಚ್ಚಾಗಿ ಬಿಳಿಯ ಮಕ್ಕಳವು. ನಮ್ಮ ಮಕ್ಕಳ ಎಣ್ಣೆಗೆಂಪು, ಕಂದು, ಕಪ್ಪು ಚರ್ಮದಲ್ಲಿ ಆ ನೀಲಿಯನ್ನು ಹುಡುಕಿದರೆ ಸಿಕ್ಕದು. ಇಲ್ಲಿ ಅದು ಬೂದಿ ಬಳಿದಂಥ ಮಂಕಾಗಿ ಕಾಣುತ್ತದೆ, ಇಲ್ಲವೇ ತುಟಿಯ ಸಹಜವಾದ ಕಪ್ಪಿನಲ್ಲಿ ಬೆರೆತುಹೋಗುತ್ತದೆ. ಆದುದರಿಂದ ತುಟಿಯ ಹೊರಭಾಗವನ್ನು ನೆಚ್ಚಬಾರದು. ತುಟಿಯನ್ನು ಮಡಿಸಿ ಒಳಭಾಗ ನೋಡಬೇಕು. ವಸಡು, ನಾಲಿಗೆ, ಕೆಳರೆಪ್ಪೆಯ ಒಳಮೈ ನೋಡಬೇಕು. ಅದೂ ಹಗಲ ಬೆಳಕಿನಲ್ಲಿ. ನೀಲಿ ಸುಣ್ಣ ಬಳಿದ ಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತರೆ ಆರೋಗ್ಯವಂತನೂ ರೋಗಿಯಂತೆ ಕಾಣುತ್ತಾನೆ. ಮಗುವನ್ನು ಜಗಲಿಗೆ ಕರೆತನ್ನಿ, ಪಕ್ಕದಲ್ಲಿ ಇನ್ನೊಂದು ಮಗುವನ್ನು ನಿಲ್ಲಿಸಿ, ಇಬ್ಬರಿಗೂ ನಾಲಿಗೆ ಚಾಚಲು ಹೇಳಿ. ಹೋಲಿಕೆಯಲ್ಲಿ ಕಣ್ಣು ಚುರುಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಎರಡನೆಯ ತರಗತಿಯ ಹುಡುಗನೊಬ್ಬ ಆಟದ ಮಧ್ಯೆ ಥಟ್ಟನೆ ಕುಕ್ಕುರುಗಾಲಿನಲ್ಲಿ ಕುಳಿತುಬಿಡುತ್ತಿದ್ದ. ಜೊತೆಗಾರರಿಗೆ ಅದು ತಮಾಷೆ. ನಿಮಿಷ ಕಳೆದರೆ ಎದ್ದು ಮತ್ತೆ ಓಡುತ್ತಿದ್ದುದರಿಂದ ಹಿರಿಯರಿಗೂ ಅದು ಅಭ್ಯಾಸವೆಂದೇ ತೋರುತ್ತಿತ್ತು. ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ ಬಿಸಿಯೂಟ ಬಡಿಸುತ್ತಿದ್ದ ಅಡುಗೆಯ ತಾಯಿ, ಬಟ್ಟಲು ಹಿಡಿದ ಅವನ ಉಗುರುಗಳನ್ನು ಕಂಡು ತರಗತಿ ಅಧ್ಯಾಪಕಿಯನ್ನು ಕರೆದು ಕೇಳಿದರು: "ಟೀಚರೇ, ಈ ತಿಂಗಳಲ್ಲಿ ಇವನಿಗೆ ನೇರಳೆ ಹಣ್ಣು ಎಲ್ಲಿ ಸಿಕ್ಕಿತು?" ಬೆರಳ ತುದಿಗಳು ತಮಟೆಯ ಕೋಲಿನಂತೆ ದುಂಡಗೆ ಉಬ್ಬಿದ್ದುದನ್ನೂ ಅವರೇ ತೋರಿಸಿದರು. ಮನೆಯವರನ್ನು ಕರೆಸಿದೆವು. ತಾಯಿ ಶಾಂತವಾಗಿಯೇ ಹೇಳಿದಳು: "ಅವನ ತುಟಿ ಹುಟ್ಟಿದಂದಿನಿಂದಲೂ ಕಪ್ಪೇ. ಅತ್ತರೆ ಇನ್ನಷ್ಟು ಕಪ್ಪಾಗುತ್ತದೆ. ಅಪ್ಪನ ಬಣ್ಣ." ಹಿಂದಿನ ವರ್ಷ ತಪಾಸಣೆಗೆ ಬಂದ ದಾದಿ ಮಲಯಾಳದಲ್ಲಿ, ಮಗುವಿಗೆ ನೀಲಿ ಬಣ್ಣ ಬರುವುದುಂಟೇ ಎಂದು ಕೇಳಿದ್ದರಂತೆ. ಇಲ್ಲ ಎಂದು ಈಕೆ ಉತ್ತರಿಸಿದ್ದಳು. ದಾದಿಯ ಪ್ರಶ್ನೆ ಸರಿಯಾಗಿತ್ತು, ತಾಯಿಯ ಉತ್ತರವೂ ಪ್ರಾಮಾಣಿಕವಾಗಿತ್ತು. ಆಕೆ ಕಂಡದ್ದು ಕಪ್ಪನ್ನು. ಸಪ್ತಭಾಷಾ ಸಂಗಮಭೂಮಿ ಎಂದು ನಮ್ಮ ಕಾಸರಗೋಡನ್ನು ವೇದಿಕೆಗಳಲ್ಲಿ ಹೊಗಳುತ್ತೇವೆ. ಏಳು ಭಾಷೆಗಳ ನಡುವೆ ಒಂದು ಮಗುವಿನ ತುಟಿಯ ಬಣ್ಣ ಹೀಗೆ ಜಾರಿಹೋಗುವುದೂ ಆ ಸಂಗಮದ ಒಂದು ಮುಖವೆಂಬುದನ್ನು ಮರೆಯಲಾಗದು.

ಪರೀಕ್ಷೆಯಲ್ಲಿ ತಿಳಿದುಬಂದ ಕಾಯಿಲೆಯ ಹೆಸರು ಟೆಟ್ರಾಲಜಿ ಆಫ್ ಫ್ಯಾಲೊ. ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಎಟಿಯೆನ್ ಲೂಯಿ ಫ್ಯಾಲೊ 1888ರಲ್ಲಿ ಇದನ್ನು ವಿವರವಾಗಿ ಬರೆದರು. ಅವರಿಟ್ಟ ಹೆಸರು ನೀಲಿ ರೋಗವೆಂದೇ. ಹೃದಯದ ಎರಡು ಕೆಳಕೋಣೆಗಳ ನಡುವಣ ಗೋಡೆಯಲ್ಲಿ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿಯಲ್ಲಿ ಇಕ್ಕಟ್ಟು, ಆ ರಂಧ್ರದ ನೇರಕ್ಕೆ ಸರಿದು ಕುಳಿತ ಮಹಾಧಮನಿ, ದಪ್ಪಗಾದ ಬಲಕೋಣೆ. ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತ ಇಕ್ಕಟ್ಟಿಗೆ ಅಂಜಿ, ರಂಧ್ರದ ಮೂಲಕ ನುಸುಳಿ, ಆಮ್ಲಜನಕವಿಲ್ಲದೆಯೇ ಮೈಗೆ ಹರಿಯುತ್ತದೆ. ಆ ಹುಡುಗ ಕುಕ್ಕುರುಗಾಲಿನಲ್ಲಿ ಕೂರುತ್ತಿದ್ದುದರ ಗುಟ್ಟು ಇದರಲ್ಲಿದೆ. ಮಂಡಿ ಮಡಿಸಿ ಕುಳಿತಾಗ ಕಾಲಿನ ಧಮನಿಗಳು ಅದುಮಲ್ಪಟ್ಟು ಮೈಯ ಕಡೆಗಿನ ಹರಿವಿಗೆ ತಡೆಯುಂಟಾಗುತ್ತದೆ. ಆಗ ಹೆಚ್ಚು ರಕ್ತ ಶ್ವಾಸಕೋಶದ ಕಡೆಗೆ ತಿರುಗುತ್ತದೆ. ಯಾರೂ ಕಲಿಸದ ಚಿಕಿತ್ಸೆಯನ್ನು ಮಗು ತಾನೇ ಕಂಡುಕೊಂಡಿತ್ತು. ಆಟದ ನಡುವೆ ಹೀಗೆ ಕೂರುವ ಮಗುವನ್ನು ಯಾರೂ ಗದರಿಸಿ ಎಬ್ಬಿಸಬಾರದು. ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳ ನಂತರ ಆ ಹುಡುಗ ಶಾಲೆಗೆ ಮರಳಿದ. ಈಗ ಹೈಸ್ಕೂಲು ದಾಟಿದ್ದಾನೆ.

ಈ ಚಿಕಿತ್ಸೆಯ ಇತಿಹಾಸವನ್ನು ಅಧ್ಯಾಪಕರು ಮಕ್ಕಳಿಗೆ ಹೇಳಬೇಕು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆಲೆನ್ ಟಾಸಿಗ್ ಎಂಬ ಮಕ್ಕಳ ವೈದ್ಯೆ ಇದ್ದರು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹೃದಯದ ವೈದ್ಯರಿಗೆ ಸ್ಟೆತಾಸ್ಕೋಪೇ ಸರ್ವಸ್ವವೆಂದು ತಿಳಿದಿದ್ದ ಕಾಲದಲ್ಲಿ ಅವರು ಮಕ್ಕಳ ಎದೆಯ ಮೇಲೆ ಬೆರಳಿಟ್ಟು ಬಡಿತವನ್ನು ಅರಿಯುತ್ತಿದ್ದರು. ನೀಲಿ ಮಕ್ಕಳಿಗೆ ಶ್ವಾಸಕೋಶದ ಕಡೆಗೆ ಇನ್ನೊಂದು ದಾರಿ ಮಾಡಿಕೊಟ್ಟರೆ ಬದುಕಿಯಾರು ಎಂಬುದು ಅವರ ಯೋಚನೆ. ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲಾಲಾಕ್ 1944ರ ನವೆಂಬರ್ 29ರಂದು ಪುಟ್ಟ ಹೆಣ್ಣುಮಗುವೊಂದಕ್ಕೆ ಆ ಶಸ್ತ್ರಚಿಕಿತ್ಸೆ ಮಾಡಿದರು. ಅವರ ಹಿಂದೆ ಸ್ಟೂಲಿನ ಮೇಲೆ ನಿಂತು ಹೊಲಿಗೆಯ ಕ್ರಮವನ್ನು ಹೇಳಿಕೊಡುತ್ತಿದ್ದವರು ವಿವಿಯನ್ ಥಾಮಸ್ ಎಂಬ ಕರಿಯ ಜನಾಂಗದ ಪ್ರಯೋಗಾಲಯ ಸಹಾಯಕ. ಪ್ರಾಣಿಗಳ ಮೇಲೆ ಈ ಶಸ್ತ್ರಕ್ರಿಯೆಯನ್ನು ಸಾಧಿಸಿ ತೋರಿಸಿದವರೇ ಅವರು. ಕಾಲೇಜಿನ ಮೆಟ್ಟಿಲು ಹತ್ತುವ ಅವಕಾಶವೂ ಅವರಿಗೆ ದೊರೆತಿರಲಿಲ್ಲ. ಮೊದಲ ಮಗು ಹೆಚ್ಚು ಕಾಲ ಬದುಕಲಿಲ್ಲ. ಮೂರನೆಯ ಮಗುವಿನ ತುಟಿ ಮಾತ್ರ ಮೇಜಿನ ಮೇಲೆಯೇ, ನೋಡನೋಡುತ್ತಿದ್ದಂತೆ ಕೆಂಪೇರಿತು. 1945ರಲ್ಲಿ ಪ್ರಕಟವಾದ ವೈದ್ಯಕೀಯ ಲೇಖನದಲ್ಲಿ ಬ್ಲಾಲಾಕ್ ಮತ್ತು ಟಾಸಿಗ್ ಅವರ ಹೆಸರುಗಳಿದ್ದವು, ಥಾಮಸ್ ಅವರದು ಇರಲಿಲ್ಲ. ಗೌರವ ಡಾಕ್ಟರೇಟ್ ಅವರಿಗೆ ದೊರೆತದ್ದು 1976ರಲ್ಲಿ. ನಮ್ಮ ಅಡುಗೆಯ ತಾಯಿಯ ಹೆಸರೂ ಆ ಹುಡುಗನ ಆಸ್ಪತ್ರೆಯ ಕಡತದಲ್ಲಿ ಇರಲಾರದು.

ಸಾವಿರ ಶಿಶುಗಳು ಹುಟ್ಟಿದರೆ ಸುಮಾರು ಎಂಟು ಶಿಶುಗಳಿಗೆ ಹೃದಯದ ಯಾವುದಾದರೊಂದು ಜನ್ಮಜಾತ ದೋಷವಿರುತ್ತದೆ. ಎಲ್ಲವೂ ನೀಲಿ ರೋಗವಲ್ಲ; ಎಲ್ಲದಕ್ಕೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬೇಕಾದವರಿಗೆ ಕೇರಳ ಸರಕಾರದ 'ಹೃದ್ಯಂ' ಯೋಜನೆಯಲ್ಲಿ ಉಚಿತ ಚಿಕಿತ್ಸೆಗೆ ಅವಕಾಶವಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆಯೂ ಇದೆ. ಅರ್ಜಿ ಮಲಯಾಳದಲ್ಲಿದೆ ಎಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಿಲ್ಲ. ಶಾಲೆಯ ಕಚೇರಿಗೆ ಬನ್ನಿ, ತುಂಬಿಸಿ ಕೊಡುತ್ತೇವೆ.

ನೀಲಿಗೆ ಕಾರಣ ಹೃದಯವೊಂದೇ ಅಲ್ಲ. ನಾಗರ ಅಥವಾ ಕಡಂಬಳ ಕಚ್ಚಿದಾಗ ವಿಷವೇರಿ ಮೈ ನೀಲಿಯಾಯಿತು ಎನ್ನುವುದನ್ನು ಕೇಳಿದ್ದೇವೆ. ಸಮುದ್ರಮಥನದ ಕಥೆ ಕೇಳಿ ಬೆಳೆದ ನಮಗೆ ವಿಷಕ್ಕೆ ನೀಲಿ ಬಣ್ಣವಿದೆಯೆಂದು ನಂಬುವುದು ಸುಲಭ. ವಾಸ್ತವದಲ್ಲಿ ಈ ಹಾವುಗಳ ವಿಷ ಉಸಿರಾಟದ ಸ್ನಾಯುಗಳನ್ನು ನಿಶ್ಚಲಗೊಳಿಸುತ್ತದೆ. ನೀಲಿಯಾಗುವುದು ಉಸಿರು ನಿಂತದ್ದರಿಂದ. ನೀಲಿ ಕಂಡ ಮೇಲೆ ಹೊರಡೋಣವೆಂದರೆ ಕಾಲ ಮಿಂಚಿರುತ್ತದೆ. ಕಚ್ಚಿದೊಡನೆ ಪ್ರತಿವಿಷ ಮತ್ತು ಕೃತಕ ಉಸಿರಾಟದ ಸೌಲಭ್ಯ ಇರುವ ಆಸ್ಪತ್ರೆಯ ದಾರಿ ಹಿಡಿಯಬೇಕು. ನಮ್ಮ ಜಿಲ್ಲೆಯವರಿಗೆ ಆ ದಾರಿ ಬಹುತೇಕ ಮಂಗಳೂರಿನದು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ದಾರಿಯೊಂದರ ಬೆಲೆ ಏನೆಂಬುದು ನಮಗೆಲ್ಲ ತಿಳಿಯಿತು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಯಾವ ಸೌಲಭ್ಯವಿದೆಯೆಂದು ಮೊದಲೇ ವಿಚಾರಿಸಿಡುವುದು ಲೇಸು.

ಬಾವಿಯ ನೀರಿನ ಬಗ್ಗೆಯೂ ಒಂದು ಮಾತು. ದನದ ಹಟ್ಟಿ, ಗೊಬ್ಬರದ ಗುಂಡಿ, ರಸಗೊಬ್ಬರ ಸುರಿದ ಅಡಿಕೆ ತೋಟ ಬಾವಿಗೆ ಹತ್ತಿರವಿದ್ದರೆ ನೀರಿನಲ್ಲಿ ನೈಟ್ರೇಟ್ ಸೇರಬಹುದು. ಆರು ತಿಂಗಳೊಳಗಿನ ಶಿಶುವಿಗೆ ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಿಮೋಗ್ಲೋಬಿನ್‌ನ ಕಬ್ಬಿಣದ ಅಂಶವೇ ಬದಲಾಗಿ ಅದು ಆಮ್ಲಜನಕವನ್ನು ಹೊರಲಾರದಾಗುತ್ತದೆ. ಹೃದಯ, ಶ್ವಾಸಕೋಶ ಸರಿಯಿದ್ದರೂ ಮಗು ನೀಲಿ. ರಕ್ತ ಚಾಕೊಲೇಟಿನ ಬಣ್ಣ. ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ಬಾವಿನೀರಿಗೂ ನೀಲಿ ಶಿಶುಗಳಿಗೂ ಇರುವ ನಂಟನ್ನು ಗುರುತಿಸಿದರು. ನಮ್ಮ ದೇಶದ ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಸಾಕೆಂದು ಭಾವಿಸುವ ತಾಯಂದಿರು ಗಮನಿಸಬೇಕು: ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಎಂಬ ಉಪದೇಶಕ್ಕೆ ಇದೂ ಒಂದು ಸಮರ್ಥನೆ.

ಹಟ ಹಿಡಿದು ಅತ್ತು ಉಸಿರು ಕಟ್ಟಿ ನೀಲಿಯಾಗುವ ಎಳೆಯ ಮಕ್ಕಳೂ ಇದ್ದಾರೆ. ಇದು ಹೆಚ್ಚಾಗಿ ಅಪಾಯಕಾರಿಯಲ್ಲ, ಬೆಳೆದಂತೆ ಹೋಗುತ್ತದೆ. ಆದರೂ ಅದು ಹಟವೇ ಎಂದು ತೀರ್ಮಾನಿಸುವ ಕೆಲಸವನ್ನು ಒಮ್ಮೆ ವೈದ್ಯರಿಗೆ ಬಿಡಿ. ಕಬ್ಬಿಣಾಂಶದ ಕೊರತೆಯೂ ಅದರ ಹಿಂದೆ ಇರಬಹುದು.

ಕೋವಿಡ್ ಕಾಲದಿಂದ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಅನೇಕ ಮನೆಗಳಿಗೆ ಬಂದಿದೆ. ಜಪಾನಿನ ತಕುಒ ಆಓಯಾಗಿ 1970ರ ದಶಕದಲ್ಲಿ ಇದರ ತತ್ತ್ವವನ್ನು ಕಂಡುಹಿಡಿದರು. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ರಕ್ತ ಎಷ್ಟು ಹೀರಿತೆಂದು ಅಳೆಯುವ ಉಪಕರಣ ಇದು. ನಮ್ಮ ಕಣ್ಣಿಗಿಂತ ಇದು ಬಹಳ ಚುರುಕು. ನೀಲಿ ತೋರುವ ಎಷ್ಟೋ ಮೊದಲೇ ಕುಸಿತವನ್ನು ಹೇಳುತ್ತದೆ. ಆದರೂ ಇದಕ್ಕೂ ಬಣ್ಣದ ಭೇದವುಂಟು. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕರಿಯ ರೋಗಿಗಳ ಆಮ್ಲಜನಕದ ಕೊರತೆಯನ್ನು ಇದು ಗಮನಿಸದೆ ಬಿಟ್ಟ ಪ್ರಮಾಣ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಎಂದು ಕಂಡುಬಂತು. ಉಗುರಿನ ಬಣ್ಣ, ದಟ್ಟವಾದ ಕಪ್ಪು ಮದರಂಗಿ, ತಣ್ಣಗಾದ ಬೆರಳು ಕೂಡ ಅಂಕಿಯನ್ನು ಕೆಡಿಸಬಲ್ಲವು. ಮುಚ್ಚಿದ ಸ್ನಾನದ ಕೋಣೆಯ ಗ್ಯಾಸ್ ಗೀಸರಿನಿಂದ ಕಾರ್ಬನ್ ಮೊನಾಕ್ಸೈಡ್ ಸೇವಿಸಿದವರಿಗೆ ಈ ಉಪಕರಣ ಎಲ್ಲವೂ ಸರಿಯೆಂದೇ ತೋರಿಸುತ್ತದೆ, ಮೈ ನೀಲಿಯಾಗುವುದೂ ಇಲ್ಲ. ಅಂಕಿ ಚೆನ್ನಾಗಿದ್ದು ಮಗು ಚೆನ್ನಾಗಿಲ್ಲದಿದ್ದರೆ ಮಗುವನ್ನೇ ನಂಬಬೇಕು.

ನಾಲಿಗೆ ನೀಲಿಯಾದ ಮಗುವನ್ನು ಮಲಗಿಸಿ ಸುತ್ತ ಗುಂಪು ಕಟ್ಟಿ ನಿಲ್ಲಬೇಡಿ, ನೀರು ಕುಡಿಸಬೇಡಿ. ಎಚ್ಚರವಿದ್ದರೆ ಕುಳ್ಳಿರಿಸಿ, ಅಂಗಿಯ ಗುಂಡಿ ಸಡಿಲಿಸಿ, 108ಕ್ಕೆ ಕರೆ ಮಾಡಿ. ಫ್ಯಾಲೊ ಕಾಯಿಲೆಯೆಂದು ಮೊದಲೇ ತಿಳಿದಿದ್ದರೆ ಮಂಡಿಗಳನ್ನು ಎದೆಗೆ ಒತ್ತಿ ಹಿಡಿಯಿರಿ. ವೈದ್ಯರ ಮುಂದೆ ಬಣ್ಣದ ಹೆಸರಿಗಾಗಿ ತಡವರಿಸಬೇಡಿ. ಕಪ್ಪೆನ್ನಿ, ನೀಲಿಯೆನ್ನಿ, ನೇರಳೆಯೆನ್ನಿ, ನಿಮ್ಮ ಮನೆಮಾತಿನಲ್ಲಿ ಏನೆನ್ನುತ್ತೀರೋ ಅದನ್ನೇ ಹೇಳಿ. ಎಲ್ಲಿ ಬದಲಾಯಿತು, ಯಾವಾಗ, ಎಷ್ಟು ಹೊತ್ತು, ಏನು ಮಾಡುತ್ತಿದ್ದಾಗ ಎಂಬುದನ್ನು ಜೊತೆಗೆ ಹೇಳಿ. ಸಾಧ್ಯವಾದರೆ ಹಗಲ ಬೆಳಕಿನಲ್ಲಿ ತೆಗೆದ ಒಂದು ಫೋಟೋ ಇರಲಿ.

ಈ ಜೂನ್‌ನಿಂದ ನಮ್ಮ ಪ್ರವೇಶಾತಿ ಪತ್ರದ ಆರೋಗ್ಯದ ಪುಟಕ್ಕೆ ಒಂದು ಸಾಲು ಸೇರಿಸಿದ್ದೇವೆ, ಕನ್ನಡದಲ್ಲಿಯೂ ಮಲಯಾಳದಲ್ಲಿಯೂ: ಅಳುವಾಗ, ಓಡುವಾಗ, ಹಾಲು ಕುಡಿಯುವಾಗ ಮಗುವಿನ ತುಟಿ ಅಥವಾ ನಾಲಿಗೆ ಕಪ್ಪಾಗುವುದು, ನೀಲಿಯಾಗುವುದು, ಕಂದುವುದು ಉಂಟೇ? ಉತ್ತರ ತಿಳಿಯದವರು ಆ ಜಾಗವನ್ನು ಖಾಲಿ ಬಿಡಿ. ಬುಧವಾರ ದಾದಿಯವರು ಬರುತ್ತಾರೆ. ಖಾಲಿ ಬಿಟ್ಟವರ ಮಕ್ಕಳನ್ನೇ ಮೊದಲು ಜಗಲಿಗೆ ಕರೆಯುತ್ತೇವೆ.